ನೀರು ಹರಿಯುವ ಮಟ್ಟದಲ್ಲೇ ಸೈಕಲ್ ದಾರಿ

ಮೈಸೂರಿನಿಂದ ತೊಣ್ಣೂರು ಕೆರೆಗೆ ಸುಮಾರು 40 ಕಿ.ಮೀ. ಹೆದ್ದಾರಿ ಹಿಡಿದು ಹೋದರೆ ಸೈಕಲ್‌ನಲ್ಲಿ ಎರಡೂವರೆ ಗಂಟೆ ಸಾಕು. ನಾನು ಬೆಳಿಗ್ಗೆ ಆರಕ್ಕೆ ಹೊರಟರೂ ಕೆರೆ ಮುಟ್ಟುವಾಗ ಮಧ್ಯಾಹ್ನವಾಗಿರುತ್ತದೆ. ನಡುವಿನ ಹೊತ್ತೆಲ್ಲ ನಾಲೆ ಏರಿ, ಕೆರೆ ಏರಿಗಳ ಮೇಲೆ ಕಳೆಯುತ್ತದೆ. ನಾನು ಹೋಗುವುದೇ ಅದಕ್ಕೆ.

ಈ ದಾರಿಗಳನ್ನು ನನಗೆ ತೋರಿಸಿಕೊಟ್ಟದ್ದು ಮಂಡಿನೋವು. ಮೊದಮೊದಲು ಭಾರದ ಗೇರಿನಲ್ಲೇ ಏರು ಹತ್ತಿ ಹತ್ತಿ ಬಲಗಾಲಿನ ಮಂಡಿ ಹಿಡಿದುಕೊಂಡಿತು. ಮೂರು ತಿಂಗಳು ಏರುದಾರಿಯ ಕಡೆ ಹೋಗಬಾರದೆಂದು ವೈದ್ಯರು ಹೇಳಿದರು. ಸಮತಟ್ಟಾದ ರಸ್ತೆ ಎಲ್ಲಿದೆಯೆಂದು ಹುಡುಕುತ್ತಿದ್ದಾಗ ಪಾಂಡವಪುರದ ಕಡೆ ಗದ್ದೆಗೆ ನೀರು ಬಿಡುತ್ತಿದ್ದ ನೀರುಗಂಟಿಯೊಬ್ಬರು, "ನೀರು ಎಲ್ಲಾದರೂ ಏರು ಹತ್ತುತ್ತದೆಯೇ ಸ್ವಾಮಿ? ನಾಲೆ ಹಿಡಿದು ಹೋಗಿ," ಎಂದರು. ಅಷ್ಟು ಸರಳವಾದ ಮಾತು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ನಾಲೆಯನ್ನು ತೋಡಿದವರು ಗುಡ್ಡ ಬಂದಲ್ಲಿ ಬಳಸಿದ್ದಾರೆ, ತಗ್ಗು ಬಂದಲ್ಲಿ ಮಣ್ಣು ತುಂಬಿ ಏರಿ ಕಟ್ಟಿದ್ದಾರೆ. ನೀರು ಅರಿವಿಗೆ ಬಾರದಷ್ಟು ಮೆಲ್ಲನೆ ಇಳಿಯುತ್ತದೆ. ಪಕ್ಕದ ದಾರಿಯೂ ಹಾಗೆಯೇ. ಅಂದಿನಿಂದ ನಾನು ನಕ್ಷೆಯಲ್ಲಿ ಮೊದಲು ನೋಡುವುದು ನೀಲಿ ಗೆರೆಗಳನ್ನು, ರಸ್ತೆಗಳನ್ನು ಆಮೇಲೆ.

ಈ ಸೀಮೆಯಲ್ಲಿ ಅಂಥ ಗೆರೆಗಳಿಗೆ ಕೊರತೆಯಿಲ್ಲ. ಕನ್ನಂಬಾಡಿ ಕಟ್ಟೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ ಮಂಡ್ಯದ ಕಡೆ ಹರಿಯುತ್ತದೆ. ಹಿಂದೆ ಅದಕ್ಕೆ ಇರ್ವಿನ್ ನಾಲೆ ಎಂಬ ಹೆಸರಿತ್ತು. ಶ್ರೀರಂಗಪಟ್ಟಣದ ಸುತ್ತ ಇನ್ನೂ ಹಳೆಯ ಚಿಕ್ಕದೇವರಾಜಸಾಗರ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆಗಳಿವೆ. ಹೊಸ ನಾಲೆಗಿಂತ ಹಳೆಯ ನಾಲೆಯ ದಾರಿಯೇ ನನಗೆ ಹೆಚ್ಚು ಇಷ್ಟ. ಮರಗಳು ಬಲಿತಿರುತ್ತವೆ, ನೀರು ಕೈಗೆಟುಕುವಂತಿರುತ್ತದೆ, ಬಟ್ಟೆ ಒಗೆಯುವ ಸೋಪಾನಗಳಿರುತ್ತವೆ. ಒಂದು ಎಚ್ಚರ: ಹುಲಿಕೆರೆಯ ಹತ್ತಿರ ವಿಶ್ವೇಶ್ವರಯ್ಯ ನಾಲೆ ಸುರಂಗದೊಳಗೆ ಹೊಗುತ್ತದೆ. ನೀರು ಗುಡ್ಡದ ಕೆಳಗೆ ನುಸುಳಿದಲ್ಲಿ ನಾವು ಗುಡ್ಡ ಹತ್ತಲೇಬೇಕು.

ದೊಡ್ಡ ನಾಲೆಯ ಬಗ್ಗೆ ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಅನೇಕ ಕಡೆ ತಡೆಗೋಡೆಯಿಲ್ಲ. 2018ರ ನವೆಂಬರ್‌ನಲ್ಲಿ ಕನಗನಮರಡಿಯ ಬಳಿ ಬಸ್ಸೊಂದು ಇದೇ ನಾಲೆಗೆ ಉರುಳಿ 30 ಜನ ತೀರಿಕೊಂಡರು. ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ಆ ಜಾಗವನ್ನು ನಾನು ಇಳಿದು ನಡೆದೇ ದಾಟುತ್ತೇನೆ. ಏರಿಯ ಮೇಲೆ ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬಂದರೆ ನೀರಿನ ಕಡೆಗೆ ಸರಿಯಬಾರದು, ಗದ್ದೆಯ ಕಡೆಗೆ ಸರಿದು ನಿಲ್ಲಬೇಕು. ಕತ್ತಲಾದ ಮೇಲೆ ಆ ದಾರಿಯಲ್ಲಿ ಹೋಗಲೇಬಾರದು. ಆಷಾಢದ ಗಾಳಿಯಲ್ಲಿಯೂ ಅಷ್ಟೇ: ಏರಿಯ ಮೇಲೆ ಗಾಳಿಗೆ ಅಡ್ಡವೇನೂ ಇರುವುದಿಲ್ಲ, ಒಂದೇ ಬೀಸಿಗೆ ಮುಂದಿನ ಚಕ್ರ ಪಕ್ಕಕ್ಕೆ ಹೊರಳುತ್ತದೆ.

ಸೈಕಲ್ಲಿನ ವಿಷಯದಲ್ಲಿ ನಾನು ಕಲಿತದ್ದು ಬಹಳವಲ್ಲ, ಆದರೆ ಪೆಟ್ಟು ತಿಂದು ಕಲಿತದ್ದು. ಸಣ್ಣ ಟೈರು ತೆಗೆದು 38 ಮಿ.ಮೀ. ಅಗಲದ ಟೈರು ಹಾಕಿದೆ. ಗಾಳಿಯನ್ನು ಕಲ್ಲಿನಂತೆ ತುಂಬಿಸುವುದನ್ನು ಬಿಟ್ಟು 50 ಪಿಎಸ್‌ಐಗೆ ಇಳಿಸಿದೆ. ಜಲ್ಲಿ ಎದ್ದ ದಾರಿಯಲ್ಲಿ ಅಂಗೈ ಜುಮುಗುಟ್ಟುವುದು ಅಲ್ಲಿಗೇ ನಿಂತಿತು. ಬೆನ್ನಿನ ಚೀಲವನ್ನು ಕ್ಯಾರಿಯರ್‌ನ ಎರಡೂ ಬದಿಗೆ ತೂಗುವ ಚೀಲಗಳಿಗೆ ಬದಲಾಯಿಸಿದೆ. ಮಂಡಿಗೆ ನಿಜವಾಗಿ ಆರಾಮ ಕೊಟ್ಟದ್ದು ಸೀಟಿನ ಎತ್ತರ: ಪೆಡಲ್ ತೀರ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ನನ್ನ ಸೀಟು ಅದಕ್ಕಿಂತ ಎರಡು ಬೆರಳು ಕೆಳಗಿತ್ತು. ಹಗುರ ಗೇರಿನಲ್ಲಿ ನಿಮಿಷಕ್ಕೆ ಎಪ್ಪತ್ತು ಸುತ್ತು ತುಳಿಯುತ್ತಾ ಹೋದರೆ ಗಂಟೆಗೆ 14-15 ಕಿ.ಮೀ. ಆಗುತ್ತದೆ. ಈ ವೇಗದಲ್ಲಿ ಮೀಂಚುಳ್ಳಿ ತಂತಿಯಿಂದ ನೀರಿಗೆ ಬೀಳುವುದು ಕಾಣುತ್ತದೆ, ಬೆಲ್ಲದ ವಾಸನೆ ಯಾವ ಕಡೆಯಿಂದ ಬರುತ್ತಿದೆ ಎಂಬುದು ತಿಳಿಯುತ್ತದೆ. ವಾಸನೆ ಹಿಡಿದು ಹೋದರೆ ಆಲೆಮನೆ. ಕೊಪ್ಪರಿಗೆಯ ಪಕ್ಕ ನಿಂತವನಿಗೆ ಒಂದು ಲೋಟ ಕಬ್ಬಿನ ಹಾಲು ಕೊಡದೆ ಕಳಿಸಿದವರನ್ನು ನಾನು ಇದುವರೆಗೆ ಕಂಡಿಲ್ಲ. ದಾರಿಗೆ ಎರಡು ಅಚ್ಚು ಬೆಲ್ಲ, ಒಂದು ಹಿಡಿ ಹುರಿದ ಕಡಲೆಕಾಯಿ ಕಟ್ಟಿಕೊಂಡರೆ ಬೇರೆ ತಿಂಡಿ ಬೇಡ.

ಮಳೆ ಬಿದ್ದ ಮರುದಿನ ಹೋಗಬೇಡಿ. ಕೆಮ್ಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಚಕ್ರ ತಿರುಗುವುದೇ ನಿಂತುಹೋಗುತ್ತದೆ.

ಸುಗ್ಗಿಯ ಕಾಲದಲ್ಲಿ ಬೇರೆಯದೇ ಪಾಠ. ಕಣ ಮಾಡುವವರು ಕಡಿಮೆಯಾಗಿ ಈಗ ರಾಗಿ, ಹುರುಳಿಯನ್ನು ಡಾಂಬರು ರಸ್ತೆಯ ಮೇಲೇ ಹರಡುತ್ತಾರೆ. ಒಮ್ಮೆ ಹುರುಳಿಯ ಹಾಸಿನ ಮೇಲೆ ಹಾಗೆಯೇ ನುಗ್ಗಿದೆ. ಹತ್ತು ಮಾರು ಹೋಗುವಷ್ಟರಲ್ಲಿ ಒಣಬಳ್ಳಿ ಹಿಂದಿನ ಗೇರಿಗೆ ಹೆಣೆದುಕೊಂಡು, ಚೈನು ಹಲ್ಲುಚಕ್ರಕ್ಕೂ ಕಡ್ಡಿಗಳಿಗೂ ನಡುವೆ ಸಿಕ್ಕಿಕೊಂಡಿತು. ಇನ್ನೊಂದು ಸುತ್ತು ತುಳಿದಿದ್ದರೆ ಗೇರಿನ ತೋಳೇ ಮುರಿಯುತ್ತಿತ್ತು. ಮೊರ ಹಿಡಿದು ಕೂತಿದ್ದ ಅಜ್ಜಿ ಎದ್ದು ಬಂದು, "ಎಳೆಯಬೇಡ ಮಗ, ಬಿಗಿಯಾಗುತ್ತದೆ. ಚಕ್ರವನ್ನು ಹಿಂದಕ್ಕೆ ತಿರುಗಿಸು," ಎಂದು ಹೇಳಿ, ಕುಡುಗೋಲಿನ ತುದಿಯಿಂದ ಒಂದೊಂದೇ ಎಳೆ ಕತ್ತರಿಸಿ ತೆಗೆದರು. ಅವರು ಹರಡಿದ್ದ ಬೆಳೆಯ ಮೇಲೆ ನಾನು ನಡೆಸಿದ್ದು ಸೈಕಲ್; ಆ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಅಂದಿನಿಂದ ಒಕ್ಕಣೆ ಕಂಡಲ್ಲಿ ಸೈಕಲ್ಲನ್ನು ಹೆಗಲಿಗೆ ಎತ್ತಿಕೊಂಡು ಅಂಚಿನಲ್ಲಿ ನಡೆಯುತ್ತೇನೆ.

ಕೆರೆ ಏರಿಯ ಮೇಲೆ ಹೋಗುವಾಗ ಎರಡು ಕಡೆ ನೋಡಬೇಕು. ಒಂದು ಕಡೆ ನೀರು, ಇನ್ನೊಂದು ಕಡೆ ಅದರ ಅಚ್ಚುಕಟ್ಟು. ನಡುವೆ ತೂಬಿನ ಕಲ್ಲುಕಂಬಗಳು. ಏರಿಯ ಕೊನೆಗೆ ಕೋಡಿ. ಕೋಡಿ ಬಿದ್ದ ಕಾಲದಲ್ಲಿ ರಸ್ತೆಯ ಮೇಲೇ ನೀರು ಹರಿಯುತ್ತಿದ್ದರೆ ಆಳ ನಾಲ್ಕು ಬೆರಳಷ್ಟೇ ಇದ್ದರೂ ಇಳಿಯಬೇಕು; ಕೆಳಗೆ ಪಾಚಿ ಇರುತ್ತದೆ. ಅಲ್ಲಿ ಬ್ರೇಕ್ ಹಿಡಿದು ಒಮ್ಮೆ ಮೊಣಕೈ ಸುಲಿದುಕೊಂಡಿದ್ದೇನೆ.

ಇನ್ನು ತೊಣ್ಣೂರು. ಎರಡು ಗುಡ್ಡಗಳ ನಡುವೆ ಅಡ್ಡಲಾಗಿ ಕಟ್ಟಿದ ಕೆರೆ ಅದು. ಊರಿನಲ್ಲಿ ಹೊಯ್ಸಳರ ಕಾಲದ ನಂಬಿ ನಾರಾಯಣ ದೇವಾಲಯವಿದೆ. ಕೆರೆಗೆ ತಿರುಮಲಸಾಗರವೆಂದು ಹೆಸರಿಟ್ಟವರು ರಾಮಾನುಜಾಚಾರ್ಯರೆಂದು ಹೇಳುತ್ತಾರೆ. ಆಮೇಲೆ, ಹದಿನೆಂಟನೆಯ ಶತಮಾನದಲ್ಲಿ, ಇಲ್ಲಿಗೆ ಬಂದ ಹೈದರಾಬಾದ್ ನಿಜಾಮನ ಮಗ ನಾಸಿರ್ ಜಂಗ್ ನೀರಿನ ತಿಳಿಯನ್ನು ಕಂಡು ಮೋತಿ ತಲಾಬ್, ಮುತ್ತಿನ ಕೆರೆ, ಎಂದು ಕರೆದ. ಆ ಹೆಸರು ಎಷ್ಟು ಸರಿಯೆಂಬುದು ನನಗೆ ಮನದಟ್ಟಾದದ್ದು ಒಂದು ಪಂಕ್ಚರಿನಿಂದ.

ಜನವರಿಯ ಒಂದು ಮಧ್ಯಾಹ್ನ ಕೆರೆಗೆ ಇನ್ನು ಕೂಗಳತೆಯ ದೂರವಿದ್ದಾಗ ಹಿಂದಿನ ಟೈರು ಮೆತ್ತಗಾಯಿತು. ಮುಳ್ಳು ಕಣ್ಣಿಗೆ ಬೀಳಲಿಲ್ಲ. ತಳ್ಳಿಕೊಂಡು ನೀರಿನ ಅಂಚಿಗೆ ಹೋದೆ. ಚಕ್ರ ಬಿಚ್ಚಿ, ಟ್ಯೂಬು ಹೊರತೆಗೆದು, ಗಾಳಿ ತುಂಬಿ, ಗೇಣು ಗೇಣಾಗಿ ನೀರಿನಲ್ಲಿ ಅದ್ದುತ್ತಾ ಹೋದೆ. ಮನೆಯಲ್ಲಿ ಬಕೆಟ್ಟಿನ ಮೇಲೆ ಬಗ್ಗಿ ಹುಡುಕಿದರೂ ಸಿಗದಷ್ಟು ಸಣ್ಣ ತೂತು. ಇಲ್ಲಿ ತಳದ ಕಲ್ಲು ಎಣಿಸಬಹುದಾದಷ್ಟು ತಿಳಿಯಾದ ನೀರು. ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು, ಪೋಣಿಸಿದಂತೆ ಮೇಲೇಳುವುದು ಕಂಡಿತು. ಆ ಜಾಗಕ್ಕೆ ಸರಿಯಾಗಿ ಟೈರಿನ ಒಳಗೆ ಬೆರಳಾಡಿಸಿದಾಗ ನೆಗ್ಗಿಲು ಮುಳ್ಳಿನ ಮುರಿದ ತುದಿ ಚುಚ್ಚಿತು. ಅದನ್ನು ಕೀಳದೆ ತೇಪೆ ಹಾಕಿದ್ದರೆ ಅರ್ಧ ಮೈಲಿಯಲ್ಲಿ ಮತ್ತೆ ಪಂಕ್ಚರ್ ಆಗುತ್ತಿತ್ತು.

ಟ್ಯೂಬು ಒರೆಸಿ, ಮರಳು ಕಾಗದದಿಂದ ಉಜ್ಜಿ, ಅಂಟು ಸವರಿದೆ. ಅಂಟು ಒಣಗುವವರೆಗೆ ಐದು ನಿಮಿಷ ಕಾಯಲೇಬೇಕು. ಒದ್ದೆಯಲ್ಲೇ ತೇಪೆ ಒತ್ತಿದರೆ ಅದು ನಿಲ್ಲುವುದಿಲ್ಲ. ಹೆದ್ದಾರಿಯಲ್ಲಿ ಆ ಐದು ನಿಮಿಷ ನನಗೆ ಬಹಳ ಉದ್ದವಾಗಿರುತ್ತಿತ್ತು. ಇಲ್ಲಿ ಕಾಲನ್ನು ನೀರಿಗೆ ಇಳಿಬಿಟ್ಟು ಕೂತೆ. ಬೆರಳುಗಳ ಸುತ್ತ ಮೀನಿನ ಮರಿಗಳು ಸೇರಿದವು. ಅಂಟು ಒಣಗಿ ಎಷ್ಟೋ ಹೊತ್ತಾದ ಮೇಲೆ ತೇಪೆ ಒತ್ತಿದೆ.