ಒಪ್ಪ ಓರಣವೇ ಉದ್ಯೋಗ: ಶುರು ಮಾಡುವುದು ಹೇಗೆ?

ಅಟ್ಟದ ಮೇಲೆ ಕೆಟ್ಟ ಮಿಕ್ಸಿ, ತೆರೆದರೆ ಮೈಮೇಲೆ ಬೀಳುವ ಬೀರುವಿನ ಬಟ್ಟೆ, ಫ್ರಿಜ್ ಮೇಲೆ ಔಷಧಿ, ಬಿಲ್ಲು, ಚಾರ್ಜರುಗಳ ರಾಶಿ. ಬೆಂಗಳೂರಿನ ಫ್ಲಾಟುಗಳಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯವರು ಇದನ್ನೆಲ್ಲ ಓರಣ ಮಾಡಿಸಿಕೊಳ್ಳಲು ದುಡ್ಡು ಕೊಡಲು ಸಿದ್ಧರಿದ್ದಾರೆ. ಬಂಡವಾಳ ಹೆಚ್ಚು ಬೇಡ. ಆದರೆ ಇದನ್ನು ಕ್ಲೀನಿಂಗ್ ಕೆಲಸ ಅಂದುಕೊಂಡು ಇಳಿದವರು ಮೊದಲ ಮನೆಯಲ್ಲೇ ಸುಸ್ತಾಗುತ್ತಾರೆ. ಪ್ರತಿ ವಸ್ತುವಿಗೂ ‘ಇರಲಿಯೋ, ಹೋಗಲಿಯೋ’ ಎಂದು ಮನೆಯವರ ಬಾಯಲ್ಲೇ ಹೇಳಿಸಬೇಕು. ಹೊತ್ತು ಹಿಡಿಯುವುದು ಅಲ್ಲೇ.

ಮೊದಲು ಪರಿಚಯದ ಮೂರ್ನಾಲ್ಕು ಮನೆಗಳಲ್ಲಿ ಒಂದು ಅಡುಗೆಮನೆ, ಒಂದು ಬೀರು, ಒಂದು ಅಟ್ಟ ಮಾಡಿ ನೋಡಿ. ಯಾವುದಕ್ಕೆ ಎಷ್ಟು ಹೊತ್ತಾಯಿತೆಂದು ಬರೆದಿಡಿ. ತುಂಬಿದ ಬೀರುವಿಗೆ ಇಬ್ಬರಿಗೆ ನಾಲ್ಕೈದು ಗಂಟೆ, ಅಡುಗೆಮನೆಗೆ ಆರರಿಂದ ಎಂಟು ಗಂಟೆ ಹಿಡಿಯುವುದು ಸಹಜ. ಕೇಂದ್ರ ಸರ್ಕಾರ ಸಣ್ಣ ಉದ್ದಿಮೆಗಳ ನೋಂದಣಿಗೆಂದು ನಡೆಸುವ ಉದ್ಯಮ್ ಪೋರ್ಟಲ್‌ನಲ್ಲಿ ಆಧಾರ್ ಬಳಸಿ ಉಚಿತವಾಗಿ ನೋಂದಾಯಿಸಿಕೊಳ್ಳಬಹುದು. ಶುಲ್ಕ ಕೇಳುವ ಜಾಲತಾಣ ಸರ್ಕಾರದ್ದಲ್ಲ. ಬರೀ ಸೇವೆ ಕೊಡುವವರ ವಾರ್ಷಿಕ ವಹಿವಾಟು ಕರ್ನಾಟಕದಲ್ಲಿ ₹20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ.

ದರ ಹೇಳುವ ಮುನ್ನ

ಫೋನಿನಲ್ಲಿ ದರ ಹೇಳಬೇಡಿ. ಮನೆಗೆ ಹೋಗಿ ಪ್ರತಿ ಬಾಗಿಲನ್ನೂ ತೆರೆಸಿ ನೋಡಿ. ಇಬ್ಬರು ಆರು ಗಂಟೆ ದುಡಿದರೆ 12 ಗಂಟೆಯ ಬಿಲ್ಲು. ಆದರೆ ಮನೆ ನೋಡಲು ಹೋದದ್ದು, ಓಡಾಟ, ಡಬ್ಬಿ ಖರೀದಿ ಸೇರಿ ಇನ್ನೂ ನಾಲ್ಕೂವರೆ ಗಂಟೆ ಹೋಗಿರುತ್ತದೆ. ಗಂಟೆಗೆ ₹300 ಕೈಗೆ ಸಿಗಬೇಕೆಂದರೆ ಹದಿನಾರೂವರೆ ಗಂಟೆಗೆ ₹4,950. ಅದನ್ನು 12 ಗಂಟೆಯ ಮೇಲೆ ಹಂಚಿದರೆ ಬಿಲ್ಲಿನ ದರ ಗಂಟೆಗೆ ಸುಮಾರು ₹415. ಈ ಲೆಕ್ಕ ಹಾಕದೆ ₹300ಕ್ಕೇ ಒಪ್ಪಿಕೊಳ್ಳುವುದು ಹೊಸಬರ ಮಾಮೂಲಿ ತಪ್ಪು. ಡಬ್ಬಿ, ಬುಟ್ಟಿಗಳ ಖರ್ಚು ಬೇರೆ, ಅಂಗಡಿಯ ಬಿಲ್ಲಿನ ಸಮೇತ.

ಡಬ್ಬಿಯನ್ನು ಮೊದಲೇ ತಂದಿಡುವ ಆಸೆ ಬೇಡ. ಏನು ಉಳಿಯುತ್ತದೆಂದು ತಿಳಿಯುವ ಮೊದಲೇ ತಂದರೆ ಅರ್ಧ ಡಬ್ಬಿಗಳೇ ಹೊಸ ಕಸ. ಅಳತೆಯಲ್ಲೂ ಒಂದು ಗುಟ್ಟಿದೆ. ಕಪಾಟಿನ ಬಾಗಿಲು ತೆರೆದಾಗಲೂ ಅದರ ಕೀಲು ಒಳಗೆ ಚಾಚಿಕೊಂಡಿರುತ್ತದೆ. ಗೋಡೆಯಿಂದ ಗೋಡೆಗೆ ಟೇಪು ಹಿಡಿದು 18 ಇಂಚು ಎಂದು ಬರೆದುಕೊಂಡು, ಅಷ್ಟೇ ಅಗಲದ ಬುಟ್ಟಿ ತಂದರೆ ಅದು ಒಳಗೆ ಹೋಗುವುದೇ ಇಲ್ಲ. ಕೀಲಿನ ಜಾಗದಲ್ಲಿ ಅಳೆದು, ಅದಕ್ಕಿಂತ ಒಂದು ಇಂಚು ಕಡಿಮೆಯದ್ದನ್ನು ಕೊಳ್ಳಿ. ಅಡುಗೆಮನೆಯ ಮೇಲಿನ ಕಪಾಟಿನ ಆಳ ಸಾಮಾನ್ಯವಾಗಿ ಒಂದಡಿ ಮಾತ್ರ. ಬಾಗಿಲು ಮುಚ್ಚಿಕೊಳ್ಳುತ್ತದೆಯೇ ನೋಡಿ.

ಕೆಲಸದ ದಿನ

ಹಿಂದಿನ ದಿನವೇ ಒಡವೆ, ನಗದು, ಆಸ್ತಿಪತ್ರಗಳನ್ನು ಬೀಗ ಹಾಕಿಡಲು ಹೇಳಿ. ಹೇಳಿದರೂ ಸೀರೆಯ ಮಡಿಕೆಯಲ್ಲಿ, ಹಳೇ ಪುಸ್ತಕದಲ್ಲಿ, ಬೇಳೆ ಡಬ್ಬಿಯ ತಳದಲ್ಲಿ ನೋಟು ಸಿಗುತ್ತವೆ. ಪ್ರತಿ ಜೇಬು, ಪ್ರತಿ ಪುಸ್ತಕ ಕೊಡವಿ, ಸಿಕ್ಕಿದ್ದನ್ನು ತಕ್ಷಣ ಮನೆಯವರ ಕೈಗೇ ಕೊಡಿ.

ಒಂದೊಂದೇ ಕಪಾಟು ಖಾಲಿ ಮಾಡಿ. ಇಡೀ ಕೋಣೆಯನ್ನು ಮಂಚದ ಮೇಲೆ ಸುರಿದುಕೊಂಡರೆ ಸಂಜೆ ಐದಕ್ಕೂ ರಾಶಿ ಕರಗಿರುವುದಿಲ್ಲ, ಮನೆಯವರಿಗೆ ಮಲಗಲು ಜಾಗವಿರುವುದಿಲ್ಲ. ಮುಕ್ಕಾಲು ಹೊತ್ತು ಕಳೆದ ಮೇಲೆ ಹೊಸದೇನನ್ನೂ ಹೊರಗೆ ತೆಗೆಯಬೇಡಿ. ಇರಲಿ, ಬೇರೆ ಕೋಣೆಗೆ, ಯಾರಿಗಾದರೂ ಕೊಡುವುದು, ಗುಜರಿಗೆ: ನಾಲ್ಕು ಗುಂಪು. ತೀರ್ಮಾನವಾಗದ್ದಕ್ಕೆ ಒಂದೇ ಒಂದು ಪೆಟ್ಟಿಗೆ, ಅದರ ಮೇಲೆ ಮೂರು ತಿಂಗಳ ನಂತರದ ತಾರೀಖು.

ಅತ್ತೆಯ ತಾಮ್ರದ ಹಂಡೆಯನ್ನು ಸೊಸೆ ಗುಜರಿಗೆ ಹಾಕಲು ಹೇಳಿದರೆ ಮುಟ್ಟಬೇಡಿ. ವಸ್ತು ಯಾರದ್ದೋ ಅವರದ್ದೇ ಮಾತು. ಈ ಷರತ್ತು ಮುಂಗಡ ಪಡೆಯುವಾಗಲೇ ಬರಹದಲ್ಲಿರಲಿ. ದೇವರ ಹಳೇ ಪಟಗಳ ವಿಷಯದಲ್ಲಿ ಸಲಹೆ ಕೊಡಲೇ ಹೋಗಬೇಡಿ, ಹಿರಿಯರು ಹೇಳಿದಂತೆ. ಅಡುಗೆಮನೆ ಜೋಡಿಸುವಾಗ ನಿಜವಾಗಿ ಅಡುಗೆ ಮಾಡುವವರೇ ಪಕ್ಕದಲ್ಲಿರಬೇಕು. ಅವರಿಗೆ ಓದಲು ಬರುವ ಭಾಷೆಯಲ್ಲೇ ಲೇಬಲ್ ಬರೆಯಿರಿ, ಇಲ್ಲವಾದರೆ ವಾರದಲ್ಲಿ ರವೆ ಮೈದಾ ಅದಲು ಬದಲು.

ರೇಷ್ಮೆ ಸೀರೆಯನ್ನು ಅಂದವಾಗಿ ಕಾಣಲೆಂದು ಪ್ಲಾಸ್ಟಿಕ್ ಕವರಿಗೆ ತುಂಬಬೇಡಿ. ತೇವ ಒಳಗೇ ನಿಂತು ಕಲೆ ಕಟ್ಟುತ್ತದೆ, ಜರಿ ಕಪ್ಪಾಗುತ್ತದೆ. ಹಳೇ ಹತ್ತಿ ಪಂಚೆ ಸಾಕು. ಎರಡು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಲು ಹೇಳಿ, ಒಂದೇ ಗೆರೆಯಲ್ಲಿ ಬಹಳ ಕಾಲ ಇದ್ದರೆ ಅಲ್ಲೇ ಸೀಳುತ್ತದೆ. ನುಸಿಗುಳಿಗೆ ಜರಿಗೆ ತಾಗಬಾರದು.

ಹೊರಹೋಗುವ ಸಾಮಾನು

ಅದೇ ದಿನ ಹೊರಗೆ ಹೋಗದ ಚೀಲ ಮತ್ತೆ ಅಟ್ಟ ಸೇರುತ್ತದೆ. ಗುಜರಿಯವರನ್ನು ಮೊದಲೇ ಹೇಳಿ ಕರೆಸಿ, ಮನೆಯವರ ಎದುರೇ ತೂಕ ಹಾಕಿಸಿ, ದುಡ್ಡು ಮನೆಯವರದ್ದು. ನಿಮ್ಮದೊಂದು ಕೈತಕ್ಕಡಿ ಇದ್ದರೆ ಜಗಳ ತಪ್ಪುತ್ತದೆ. ಹಳೇ ಫೋನು, ಚಾರ್ಜರು, ಬ್ಯಾಟರಿಗಳು ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಹೋಗಲಿ. ಹಳೇ ಮಾದರಿಯ ಟ್ಯೂಬ್‌ಲೈಟ್, ಸಿಎಫ್ಎಲ್‌ಗಳಲ್ಲಿ ಪಾದರಸವಿರುವುದರಿಂದ ಒಡೆಯದಂತೆ ಬೇರೆ ಕಟ್ಟಿಡಿ. ಅವಧಿ ಮೀರಿದ ಮಾತ್ರೆಗಳನ್ನು ‘ಪಾಪ, ಉಪಯೋಗಕ್ಕೆ ಬರಲಿ’ ಎಂದು ಯಾರಿಗೂ ಕೊಡಬಾರದು. ಹಾಸಿಗೆಯನ್ನು ದಿನದ ಕಸದ ಆಟೋದವರು ಒಯ್ಯದಿರಬಹುದು. ಅದರ ಸಾಗಣೆ ಖರ್ಚನ್ನೂ ಮೊದಲೇ ಹೇಳಿಬಿಡಿ.

ಯುಗಾದಿ, ದಸರಾ, ದೀಪಾವಳಿಗೆ ಮುಂಚಿನ ವಾರಗಳಲ್ಲಿ ಕರೆ ಹೆಚ್ಚು. ಆಷಾಢದಲ್ಲಿ ಮನೆ ಬದಲಿಸುವವರು ಕಡಿಮೆ, ಶ್ರಾವಣಕ್ಕೆ ಮತ್ತೆ ಶುರು. ಪ್ರಚಾರಕ್ಕೆ ಮೊದಲಿನ ಮತ್ತು ನಂತರದ ಫೋಟೊ ಸಾಕು. ಹಾಕುವ ಮೊದಲು ಅನುಮತಿ ಕೇಳಿ. ಚಿತ್ರದ ಮೂಲೆಯಲ್ಲಿ ಕೊರಿಯರ್ ಡಬ್ಬದ ಮೇಲಿನ ವಿಳಾಸ ಕಾಣುತ್ತಿದೆಯೇ ಎಂದೂ ನೋಡಿಕೊಳ್ಳಿ.