ಒಂದು ಎಕರೆ ಕಬ್ಬಿನ ಲೆಕ್ಕದಲ್ಲಿ ಸುಸ್ಥಿರತೆಯ ಪಾಠ

ಸುಸ್ಥಿರತೆ ಅಂದರೆ ಮುಂದಿನ ಪೀಳಿಗೆಯ ಅಗತ್ಯಕ್ಕೆ ಕುತ್ತು ತರದೆ ಇಂದಿನ ಅಗತ್ಯ ಪೂರೈಸಿಕೊಳ್ಳುವುದು ಅನ್ನೋ 1987ರ ಬ್ರುಂಟ್‌ಲ್ಯಾಂಡ್ ವರದಿಯ ವ್ಯಾಖ್ಯೆ ಬರೆಸಿದರೆ ಮಕ್ಕಳಿಗೆ ಅಂಕ ಗ್ಯಾರಂಟಿ, ತಲೆಗೆ ಮಾತ್ರ ಏನೂ ಇಳಿಯಲ್ಲ. ಬಿ.ಎ. ಮೊದಲ ವರ್ಷಕ್ಕೆ ಅರ್ಥಶಾಸ್ತ್ರ ಹೇಳುವವರಿಗೆ ಇದು ಗೊತ್ತಿರುವುದೇ. ಕಣ್ಣಾರೆ ನೋಡಿಯಾದರೂ ಇಳಿಯಲಿ ಅಂತ ಒಮ್ಮೆ ಕೆಆರ್‌ಎಸ್‌ಗೆ ಬಸ್ ಮಾಡಿಸಿದೆ. ಊಟ ಸೇರಿ 11 ಸಾವಿರದ ಹತ್ತಿರ ಹೋಯಿತು, ಅರ್ಧ ನನ್ನ ಜೇಬಿನದು. ಹುಡುಗರು ಕಾರಂಜಿ ನೋಡಿಕೊಂಡು ಬಂದರು, ಅಷ್ಟೇ.

ಆಮೇಲೆ ಸುಸ್ಥಿರತೆಯನ್ನು ಕೊನೆಯ ಯೂನಿಟ್ಟಿನಿಂದ ಕಿತ್ತು ಉತ್ಪಾದನಾ ವೆಚ್ಚದ ಪಾಠದೊಳಗೆ ತಂದೆ. "ಇದೇನ್ ಸಾರ್, ಕ್ಲಾಸೋ ರೈತ ಸಂಪರ್ಕ ಕೇಂದ್ರನೋ?" ಅಂತ ಸ್ಟಾಫ್ ರೂಮಿನಲ್ಲಿ ನಕ್ಕರು.

ನಮ್ಮದು ಮಂಡ್ಯ. ಮುಕ್ಕಾಲು ಕ್ಲಾಸಿನ ಮನೆಯಲ್ಲಿ ಕಬ್ಬಿದೆ. ಒಂದು ಎಕರೆಯ ಖರ್ಚು ಬರೆದು ತನ್ನಿ ಅಂದೆ. ಮೊದಲ ಬ್ಯಾಚಿನವರು ಖಾಲಿ ಹಾಳೆ ತಂದರು. ಇದು ತೆರಿಗೆಯವರ ಕೆಲಸವೇನೋ ಅಂತ ಅಪ್ಪಂದಿರಿಗೆ ಅನುಮಾನ! ಈಗ ಎಲ್ಲರೂ ಲೆಕ್ಕ ಕೊಡುತ್ತಾರೆ. ಹೇಗೆ ಕೊಡಿಸಿದೆ ಅನ್ನೋದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಎಕರೆಗೆ 40 ಟನ್ ಹಿಡಿಯಿರಿ. 2024-25ರ ಎಫ್‌ಆರ್‌ಪಿ (ಕಾರ್ಖಾನೆ ರೈತರಿಗೆ ಕೊಡಲೇಬೇಕು ಅಂತ ಕೇಂದ್ರ ಸರ್ಕಾರ ಗೊತ್ತುಮಾಡುವ ಕನಿಷ್ಠ ಬೆಲೆ) ಕ್ವಿಂಟಲ್‌ಗೆ 340 ರೂಪಾಯಿ, ಅಂದರೆ 1,36,000. ಬಿತ್ತನೆ, ಗೊಬ್ಬರ, ಕಟಾವು, ಸಾಗಣೆ ಎಲ್ಲ ಕಳೆದು 50 ಸಾವಿರದಷ್ಟು ಉಳಿಯಿತು ಅಂತ ಹುಡುಗರು ತೋರಿಸಿದರು. ಆಗ ಇನ್ನೊಂದು ಕಾಲಂ ಎಳೆಸಿದೆ: ಯಾರೂ ಬಿಲ್ ಕೊಡದ ಖರ್ಚು. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಉಚಿತ ಕರೆಂಟು, ತರಗು ಸುಟ್ಟ ಹೊಗೆ, ಎಲ್ಲಕ್ಕಿಂತ ಜಾಸ್ತಿ ನೀರು. ಕಬ್ಬಿಗೆ 1500ರಿಂದ 2500 ಮಿಲಿಮೀಟರ್ ಬೇಕು. ನಡುವಿನ 2000 ತಗೊಂಡರೆ ಎಕರೆಗೆ 80 ಲಕ್ಷ ಲೀಟರ್. ಲೀಟರಿಗೆ ಒಂದೇ ಒಂದು ಪೈಸೆ ಹಾಕಿ ಅಂದೆ. 80 ಸಾವಿರ!

"ಮಳೆ ನೀರು ಕಳೀಬೇಕಲ್ವಾ ಸಾ?" ಅಂದಳು ಒಬ್ಬಳು. ಸರಿಯೇ. ಸುಮಾರು 700 ಮಿಲಿಮೀಟರ್ ಕಳೆದೆವು. ಆದರೂ 50 ಸಾವಿರ ದಾಟಿತು, ಲಾಭ ಸೊನ್ನೆ. "ಹಂಗಾದ್ರೆ ನಮ್ಮಪ್ಪ ಲಾಸಲ್ಲೇ ಬೆಳೀತಿದ್ರಾ ಸಾ?" ಅಂತ ಹಿಂದಿನ ಬೆಂಚಿನಿಂದ ಬಂತು. ಬೆಳೆಯುವವನ ಜೇಬಿನಿಂದ ಹೋಗುವ ಖಾಸಗಿ ವೆಚ್ಚ, ಅದರ ಜೊತೆ ಊರಿನವರೆಲ್ಲ ಹೊರುವುದನ್ನೂ ಸೇರಿಸಿದ ಸಾಮಾಜಿಕ ವೆಚ್ಚ ಎರಡನ್ನೂ ಆಗಲೇ ಬೋರ್ಡ್ ಮೇಲೆ ಬರೆದೆ, ಐದೇ ನಿಮಿಷದಲ್ಲಿ ಅರ್ಥವಾಯಿತು. ಅಪ್ಪನ ತಪ್ಪಲ್ಲ, ನೀರಿಗೆ ಬೆಲೆ ಕಾಣದಿದ್ದರೆ ಯಾರಾದರೂ ಹಾಗೇ ಬೆಳೆಯುತ್ತಾರೆ ಅಂತ ಅಲ್ಲೇ ಹೇಳಲೇಬೇಕು. ಇಲ್ಲದಿದ್ದರೆ ಮನೆಯಲ್ಲಿ ಜಗಳ.

ಜೊತೆಗೆ ಹುಣಸೆ ಬೀಜದ ಆಟ. ಐದು ಜನಕ್ಕೆ 50 ಬೀಜದ ಒಂದು ಕೆರೆ. ಪ್ರತಿ ಸುತ್ತಿಗೂ ಅವರು ತೆಗೆದ ಮೇಲೆ ಉಳಿದದ್ದರ ಅರ್ಧದಷ್ಟು ಸೇರಿಸುತ್ತೇನೆ, 50 ಮೀರುವಂತಿಲ್ಲ. ತಲಾ ಐದು ತೆಗೆದರೆ ಮೂರನೇ ಸುತ್ತಿಗೆ ಎಲ್ಲರಿಗೂ ಸಾಲಲ್ಲ. ತಲಾ ಮೂರಾದರೆ ಕೆರೆ ಬತ್ತುವುದೇ ಇಲ್ಲ. ಒಂದು ಗುಂಪು ತಾನಾಗಿಯೇ ನೀರು ಹಂಚುವ ನೀರುಗಂಟಿಯನ್ನು ನೇಮಿಸಿಕೊಂಡಿತು! ಎಲ್ಲರಿಗೂ ಸೇರಿದ ನೀರು, ಕಾಡನ್ನು ಜನರೇ ನಿಯಮ ಮಾಡಿಕೊಂಡು ಉಳಿಸಿಕೊಳ್ಳಬಲ್ಲರು ಅಂತ ತೋರಿಸಿ 2009ರಲ್ಲಿ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಂ ಹೆಸರು ಹೇಳಲು ಅದಕ್ಕಿಂತ ಒಳ್ಳೆ ಗಳಿಗೆ ಸಿಗಲ್ಲ.

ಇದರ ಗುಂಗಿನಲ್ಲೇ ಕ್ಯಾಂಟೀನಿನ ಪೇಪರ್ ಕಪ್ಪಿಗೆ 2 ರೂಪಾಯಿ ಜಾಸ್ತಿ ಹಾಕಿಸಿದೆ, ಪಿಗೂ ತೆರಿಗೆ, ಅಂದರೆ ಬೇರೆಯವರಿಗೆ ಆಗುವ ಹಾನಿಯನ್ನು ಬೆಲೆಗೆ ಸೇರಿಸುವ ತೆರಿಗೆ, ತೋರಿಸೋಣ ಅಂತ. ವಾರದಲ್ಲೇ ಅರ್ಧ ಜನ ಸ್ಟೀಲ್ ಲೋಟ ತಂದರು. ಉಳಿದರ್ಧ ಗೇಟಿನ ಆಚೆ ಟೀ ಕುಡಿಯತೊಡಗಿದರು. ಕ್ಯಾಂಟೀನಿನವರು ನನ್ನ ಮೇಲೆ ಸಿಟ್ಟಾದರು, ಆದರೆ ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಅನ್ನೋ ಬೇಡಿಕೆಯ ಸ್ಥಿತಿಸ್ಥಾಪಕತ್ವಕ್ಕೆ ಪುಕ್ಕಟೆ ಉದಾಹರಣೆ ಸಿಕ್ಕಿತು. ಪೂರ್ತಿ ಪಾಠಕ್ಕೆ ಜೆರಾಕ್ಸ್ ಖರ್ಚು ಮುನ್ನೂರು ಚಿಲ್ಲರೆ, ಹುಣಸೆ ಬೀಜ ಮನೆಯದು.