ಮಣಿ ಕಡ್ಡಿಗೆ ಅಂಟಬಾರದು, ಕೆಲಸದ ಮಧ್ಯೆ ಬಿಡಲೂಬಾರದು

ಜ್ವಾಲೆಯಲ್ಲಿ ಗಾಜು ಕರಗಿಸಿ ಉಕ್ಕಿನ ಕಡ್ಡಿಗೆ ಸುತ್ತಿ ಮಣಿ ಮಾಡುವಾಗ, ಗಾಜು ಅಂಟದಿರಲಿ ಅಂತ ಕಡ್ಡಿಗೆ ಮೊದಲೇ ಹಚ್ಚುವ ಲೇಪವೇ ಬೀಡ್ ರಿಲೀಸ್. ಅದು ನೀರಾಗಿಬಿಟ್ಟಿದೆ, ಕೆಟ್ಟಿದೆ ಅಂತ ಬಾಟಲಿ ಎಸೆಯಬೇಡಿ. ಮುಕ್ಕಾಲು ಪಾಲು ಸಲ ಅದು ಕೆಟ್ಟಿರುವುದಿಲ್ಲ, ಪುಡಿ ತಳದಲ್ಲಿ ಕೂತಿರುತ್ತದೆ ಅಷ್ಟೇ. ಒಂದು ರಾತ್ರಿ ಅಲುಗಾಡಿಸದೆ ಇಡಿ. ಮೇಲೆ ನಿಂತ ತಿಳಿನೀರನ್ನು ನಿಧಾನವಾಗಿ ಬಗ್ಗಿಸಿ ಒಂದು ಸಣ್ಣ ಡಬ್ಬಿಗೆ ಹಾಕಿಕೊಳ್ಳಿ, ಚೆಲ್ಲಬೇಡಿ. ಕಲೆಸಿದ ಮೇಲೆ ಜಾಸ್ತಿ ಗಟ್ಟಿ ಅನ್ನಿಸಿದರೆ ಅದೇ ನೀರು ಬೇಕಾಗುತ್ತದೆ. ಆತುರವಿಲ್ಲದಿದ್ದರೆ ಮುಚ್ಚಳ ತೆಗೆದಿಟ್ಟರೂ ಸಾಕು, ನೀರು ತಾನಾಗಿಯೇ ಆರಿ ಗಟ್ಟಿಯಾಗುತ್ತದೆ.

ಕಲೆಸುವಾಗ ಬಾಟಲಿ ಕುಲುಕಬೇಡಿ, ಕಡ್ಡಿಯಿಂದ ತಿರುಗಿಸಿ. ಕುಲುಕಿದರೆ ಗಾಳಿಗುಳ್ಳೆ ಏಳುತ್ತದೆ. ಲೇಪದಲ್ಲಿ ಗುಳ್ಳೆ ಒಡೆದ ಜಾಗದಲ್ಲಿ ಗಾಜು ಉಕ್ಕನ್ನು ಮುಟ್ಟಿ ಅಂಟಿಕೊಳ್ಳುತ್ತದೆ. ಹದ ಬಾಟಲಿಯಲ್ಲಿ ನೋಡಿದರೆ ಗೊತ್ತಾಗುವುದಿಲ್ಲ, ಕಡ್ಡಿ ಅದ್ದಿಯೇ ನೋಡಬೇಕು. ನೇರವಾಗಿ ಅದ್ದಿ ನೇರವಾಗಿ ಎತ್ತಿ. ಉಕ್ಕಿನ ಹೊಳಪು ಎಲ್ಲೂ ಕಾಣದೆ, ಕೆನೆಯ ಹಾಗೆ ಒಂದೇ ಸಮ ಕೂತಿದ್ದರೆ ಸರಿ. ಸರಸರ ಇಳಿದು ತುದಿಯಲ್ಲಿ ತೊಟ್ಟು ನಿಂತರೆ ತೆಳು. ಉಂಡೆಯುಂಡೆಯಾಗಿ ಮೆತ್ತಿಕೊಂಡರೆ ಗಟ್ಟಿ, ಅದು ಒಣಗುವಾಗ ಸೀಳುತ್ತದೆ. ಸ್ವಲ್ಪ ತೆಳುವಾಗಿದೆ ಅಷ್ಟೇ ಅಂದರೆ ಮೊದಲ ಲೇಪ ಪೂರ್ತಿ ಆರಿದ ಮೇಲೆ ಇನ್ನೊಮ್ಮೆ ಅದ್ದಿ.

ಇನ್ನು ಮನೆಯಲ್ಲೇ ಮಾಡಿಕೊಳ್ಳುವುದು. ಮುಖ್ಯವಾಗಿ ಬೇಕಾಗಿದ್ದು ಎರಡೇ ಪುಡಿ: ಅಲ್ಯೂಮಿನಾ ಹೈಡ್ರೇಟ್, ಮತ್ತೆ ಕಯೋಲಿನ್ ಅನ್ನುವ ಬಿಳಿ ಜೇಡಿಮಣ್ಣು. ಜೇಡಿ ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ. ಅಲ್ಯೂಮಿನಾ ಗಾಜನ್ನು ಅಂಟಲು ಬಿಡುವುದಿಲ್ಲ, ಅದು ಕರಗಬೇಕಾದರೆ 2000 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಅಳತೆಯಲ್ಲಿ ಸಮಸಮ ತೆಗೆದುಕೊಂಡು ಶುರು ಮಾಡಿ. ಡಿಸ್ಟಿಲ್ಡ್ ವಾಟರ್ ಸ್ವಲ್ಪ ಸ್ವಲ್ಪವೇ ಹಾಕುತ್ತಾ ಕಲೆಸಿ, ತೆಳು ಬಟ್ಟೆಯಲ್ಲೋ ಸಣ್ಣ ಕಣ್ಣಿನ ಜರಡಿಯಲ್ಲೋ ಸೋಸಿ, ಒಂದು ದಿನ ನೆನೆಯಲು ಬಿಡಿ. ಜೇಡಿ ಚೆನ್ನಾಗಿ ನೆನೆದಷ್ಟೂ ಲೇಪ ನುಣುಪು. ಬೇಗ ತಳ ಹಿಡಿಯುತ್ತಿದ್ದರೆ ಒಂದು ಚಿಟಿಕೆ ಬೆಂಟೋನೈಟ್ (ನೀರಲ್ಲಿ ಉಬ್ಬುವ ಒಂದು ಬಗೆಯ ಜೇಡಿ) ಸಾಕು, ಅದು ಗಟ್ಟಿ ಮಾಡುವುದಕ್ಕೂ ಆಗುತ್ತದೆ. ಆದರೆ ಜಾಸ್ತಿ ಹಾಕಿದರೆ ಒಣಗುವಾಗ ಬಿರುಕು ಖಂಡಿತ.

ಮುಂದಿನ ಸಲದ ಅಳತೆಯನ್ನು ಮಣಿಯೇ ಹೇಳುತ್ತದೆ. ಕೆಲಸದ ಮಧ್ಯೆ ಲೇಪ ಬಿಟ್ಟು ಮಣಿ ಗಿರಗಿರ ತಿರುಗಿದರೆ ಜೇಡಿ ಸ್ವಲ್ಪ ಹೆಚ್ಚಿಸಿ. ಕೊನೆಯಲ್ಲಿ ಮಣಿ ಕಡ್ಡಿಯಿಂದ ಬಿಡದೆ ಸತಾಯಿಸಿದರೆ ಅಲ್ಯೂಮಿನಾ ಹೆಚ್ಚಿಸಿ. ಪುಡಿಯನ್ನು ಬೈಯುವ ಮುಂಚೆ ಕಡ್ಡಿಯನ್ನೂ ನೋಡಿ. ಹೊಸ ಸ್ಟೇನ್‌ಲೆಸ್ ಕಡ್ಡಿ ನುಣ್ಣಗಿರುತ್ತದೆ, ಎಣ್ಣೆ ಜಿಡ್ಡೂ ಇರುತ್ತದೆ. ಉಪ್ಪುಕಾಗದದಲ್ಲಿ ಉಜ್ಜಿ ಒರೆಸಿದರೆ ಲೇಪ ಚೆನ್ನಾಗಿ ಕಚ್ಚುತ್ತದೆ. ಜ್ವಾಲೆಗೆ ಹಿಡಿಯುವ ಮುಂಚೆ ಪೂರ್ತಿ ಆರಿರಬೇಕು, ಅಲ್ವಾ? ಒಳಗೆ ನೀರು ಉಳಿದಿದ್ದರೆ ಆವಿಯಾಗಿ ಲೇಪವನ್ನು ಎಬ್ಬಿಸಿಬಿಡುತ್ತದೆ. ಆಮೇಲೆ ಕಡ್ಡಿ ಕೆಂಪಗಾಗುವವರೆಗೆ ನಿಧಾನವಾಗಿ ಕಾಯಿಸಿ, ಆಗಲೇ ಗಾಜು ಸುತ್ತಿ. ತಣ್ಣಗಿರುವ ಲೇಪದ ಮೇಲೆ ಗಾಜು ಸರಿಯಾಗಿ ಕೂರುವುದೇ ಇಲ್ಲ.

ಬೀಡ್ ರಿಲೀಸ್ ಇಲ್ಲವೇ ಇಲ್ಲ ಅಂದಾಗ ಗಾಜಿನ ಕಿಲ್ನ್, ಅಂದರೆ ಗೂಡು ಒಲೆಯ ತಟ್ಟೆಗೆ ಗಾಜು ಅಂಟದಂತೆ ಬಳಿಯುವ ಕಿಲ್ನ್ ವಾಶ್ ನಡೆಯುತ್ತದೆ. ಅದರಲ್ಲಿರುವುದೂ ಹೆಚ್ಚುಕಮ್ಮಿ ಇದೇ ಎರಡು ಪುಡಿ. ತುಸು ಗಟ್ಟಿಯಾಗಿ ಕಲೆಸಿ ಸಣ್ಣ ಮಣಿಗಳಿಗೆ ಬಳಸಿ. ಒತ್ತಿ ಚಪ್ಪಟೆ ಮಾಡುವ ಮಣಿಗೆ, ದೊಡ್ಡ ಬಿಲ್ಲೆಗೆ ಅದರ ಹಿಡಿತ ಸಾಲದು. ಕುಂಬಾರಿಕೆಯವರ ಕಿಲ್ನ್ ವಾಶ್ ಆದರೆ ಮೊದಲು ಚೀಟಿ ಓದಿ. ಕೆಲವದರಲ್ಲಿ ಅಲ್ಯೂಮಿನಾ ಬದಲು ಸಿಲಿಕಾ ಇರುತ್ತದೆ, ಗಾಜಿಗೆ ಅದು ಬೇಡ. ಪ್ಲಾಸ್ಟರ್ ಆಫ್ ಪ್ಯಾರಿಸ್ ಒಂದನ್ನೇ ಬಳಿಯುವುದನ್ನು ನಾನು ಒಪ್ಪುವುದಿಲ್ಲ, ಜ್ವಾಲೆಯಲ್ಲಿ ಅದು ಬಿರಿದು ಉದುರುತ್ತದೆ.

ಒಂದು ಮಾತಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಒಣ ಪುಡಿ ಅಳೆಯುವಾಗ ಎನ್-95 ಮಾಸ್ಕ್ ಹಾಕಿಕೊಳ್ಳಲೇಬೇಕು. ಜೇಡಿಯ ದೂಳಿನಲ್ಲಿ ಸಿಲಿಕಾ ಇರಬಹುದು, ವರ್ಷಾನುಗಟ್ಟಲೆ ಉಸಿರಾಡಿದರೆ ಶ್ವಾಸಕೋಶ ಹಾಳಾಗುತ್ತದೆ. ಅಡಿಗೆ ಪಾತ್ರೆ, ಚಮಚ ಇದಕ್ಕೆ ಬೇಡ. ಚೆಲ್ಲಿದ್ದನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕಿಲ್ನ್‌ನಿಂದ ತೆಗೆದ ಮಣಿಯನ್ನು ಪೂರ್ತಿ ಆರಿದ ಮೇಲೆ ಕಡ್ಡಿಯ ಸಮೇತ ನೀರಿನಲ್ಲಿ ನೆನೆಹಾಕಿ, ಕಡ್ಡಿಯನ್ನು ಇಕ್ಕಳದಲ್ಲಿ ಹಿಡಿದು ಮಣಿಯನ್ನು ತಿರುಗಿಸಿ ಬಿಡಿಸಿ. ತೂತಿನೊಳಗೆ ಉಳಿದ ಪುಡಿಯನ್ನೂ ನೀರಿನಲ್ಲಿ ಮುಳುಗಿಸಿಯೇ ಕೆರೆಯಿರಿ. ಆ ಬೆಳ್ಳಗಿನ ನೀರನ್ನು ಸಿಂಕಿಗೆ ಸುರಿದರೆ ಪೈಪು ಕಟ್ಟಿಕೊಳ್ಳುತ್ತದೆ. ಬಕೆಟ್ಟಿನಲ್ಲಿ ತಿಳಿಯಾಗಲು ಬಿಟ್ಟು, ತಳದ ಗಸಿಯನ್ನು ಒದ್ದೆಯಿರುವಾಗಲೇ ಕವರಿಗೆ ಹಾಕಿ ಬಾಯಿ ಕಟ್ಟಿ ಕಸಕ್ಕೆ ಹಾಕಿ.